ಡಬ್ಬ ಬಂತನ ಮಾಣಿ?

2022ರ ಡಿಸೆಂಬರ್ 9, ಶುಕ್ರವಾರ. ಮ್ಯಾಂಡಸ್ ಚಂಡಮಾರುತ ತಮಿಳುನಾಡಿನ ಕರಾವಳಿಗೆ ಅಪ್ಪಳಿಸಲಿದ್ದ ದಿನ. ಅದರ ಬಾಲ ಬೆಂಗಳೂರಿಗೂ ತಾಗಿ ಬೆಳಗಿನಿಂದಲೇ ಜಿಟಿಜಿಟಿ ಮಳೆ, ಕಿವಿ ಕೊರೆಯುವ ಚಳಿ. ಮಂಕಿ ಟೋಪಿ ಹಾಕಿಕೊಂಡು ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಕನ್ಯಾಕುಮಾರಿ ಎಕ್ಸ್‌ಪ್ರೆಸ್ಸಿಗೆ ಕಾಯುತ್ತಿದ್ದೆ. ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಡಬ್ಬ ಚಕ್ಕುಲಿ. ಕೈಯಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ಮುದ್ರಿಸಿಕೊಂಡ ಹತ್ತಾರು ಹಾಳೆ. ತಿರುವನಂತಪುರದಲ್ಲಿ ಅಂದೇ ಶುರುವಾಗುತ್ತಿದ್ದ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವದ ವೇಳಾಪಟ್ಟಿ ಅದು. ನೋಡಲೇಬೇಕಾದದ್ದಕ್ಕೆ ಕೆಂಪು ಶಾಯಿಯ ಗುರುತು, ಸಿಕ್ಕರೆ ನೋಡೋಣ ಎಂಬುದಕ್ಕೆ ನೀಲಿ. ಒಂದೇ ಹೊತ್ತಿಗೆ ಎರಡು ಕೆಂಪು ಬಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆ.

"ಎಸ್ಸೆಸ್ಸೆಲ್ಸಿಗೆ ಇಷ್ಟು ಓದಿದ್ದಿದ್ರೆ ಇಷ್ಟೊತ್ತಿಗೆ ಡಾಕ್ಟ್ರಾಗಿರ್ತಿದ್ರಿ" ಎಂದು ಹೆಂಡತಿ ಮನೆಯಲ್ಲೇ ಹೇಳಿ ಕಳಿಸಿದ್ದಳು.

ಅವಳ ಮಾತಿಗಿಂತ ಹೆಚ್ಚು ಚುಚ್ಚಿದ್ದು ನಿಲ್ದಾಣದ ಹೊರಗಿನ ನೋಟ. ನಾನು ಸಿನಿಮಾ ನೋಡಲೆಂದು ಎಂಟುನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ ಹೊರಟು ನಿಂತದ್ದು ಎಲ್ಲಿ? ಗಾಂಧಿನಗರದ ಬಾಗಿಲಲ್ಲಿ! ಕೂಗಳತೆಯಲ್ಲೇ ಕೆ.ಜಿ. ರಸ್ತೆ. 1972ರಲ್ಲಿ ಬಿಡುಗಡೆಯಾದ 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್ ಚಿತ್ರಮಂದಿರ ಇದ್ದದ್ದು ಅದೇ ರಸ್ತೆಯಲ್ಲಿ. ಹತ್ತಿರದಲ್ಲೇ ಇದ್ದ ಕಪಾಲಿ 2017ರಲ್ಲಿ ಬಾಗಿಲು ಹಾಕಿ, ಆಮೇಲೆ ನೆಲಸಮವಾಯಿತು. ಮದುವೆ ಮನೆಯ ಮುಂದೆಯೇ ಹಾದು ಪಕ್ಕದೂರಿಗೆ ಊಟಕ್ಕೆ ಹೊರಟವನಂತೆ ರೈಲು ಹತ್ತಿದೆ.

ಸಿನಿಮಾಕ್ಕಾಗಿ ದಾರಿ ಕಾಯುವುದು ನನಗೆ ಚಿಕ್ಕಂದಿನಲ್ಲೇ ಅಂಟಿದ ಚಟ. ನಮ್ಮೂರು ಸಾಗರದ ಹತ್ತಿರ, ಹೆಗ್ಗೋಡಿನಿಂದ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ. ಸಾಗರದ ಟಾಕೀಸಿಗೆ ಹೊಸ ಸಿನಿಮಾ ಬರುವಷ್ಟರಲ್ಲಿ ಬೆಂಗಳೂರಿನವರು ಅದನ್ನು ನೋಡಿ, ಹಾಡು ಬಾಯಿಪಾಠ ಮಾಡಿ, ಮರೆತೂ ಬಿಟ್ಟಿರುತ್ತಿದ್ದರು. ನಮಗೆ ಮೊದಲು ಬರುತ್ತಿದ್ದದ್ದು ವಾರಪತ್ರಿಕೆಯ ಸಿನಿಮಾ ಪುಟದ ಫೋಟೋ, ಆಮೇಲೆ ರೇಡಿಯೋದಲ್ಲಿ ಹಾಡು. ತಿಂಗಳುಗಳಾದ ಮೇಲೆ ಒಂದು ದಿನ ಮೈಕು ಕಟ್ಟಿದ ಜೀಪು ಧೂಳೆಬ್ಬಿಸುತ್ತ ಬಂದು ಗುಲಾಬಿ, ಹಳದಿ ಬಣ್ಣದ ಚೀಟಿ ಎರಚಿ ಹೋಗುತ್ತಿತ್ತು. ಅದರ ಹಿಂದೆ ಓಡಿ ಆರಿಸಿದ ಚೀಟಿಗಳನ್ನು ಸಮಾಜ ಪಾಠದ ಪುಸ್ತಕದಲ್ಲಿ ಒತ್ತಿಡುತ್ತಿದ್ದೆ. ಚೀಟಿಯ ಕಥಾಸಾರ ಯಾವಾಗಲೂ "ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ" ಎಂಬಲ್ಲಿಗೆ ನಿಲ್ಲುತ್ತಿತ್ತು. ಆ ಮುಂದಿನದನ್ನು ನಾನೇ ಕಟ್ಟಿಕೊಳ್ಳುತ್ತಿದ್ದೆ. ಎಷ್ಟೋ ಸಲ ತೆರೆಯ ಮೇಲಿನ ಕಥೆಗಿಂತ ನನ್ನದೇ ಚೆನ್ನಾಗಿರುತ್ತಿತ್ತು.

ಹೆಗ್ಗೋಡಿನ ಕಾಯುವಿಕೆಯ ರೀತಿಯೇ ಬೇರೆ. ಅಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿತ್ತು. ಸಿನಿಮಾ ಬರುತ್ತಿದ್ದದ್ದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಂಥ ಕಡೆಗಳಿಂದ, ತಗಡಿನ ಡಬ್ಬದಲ್ಲಿ. ಆ ಡಬ್ಬ ಬಸ್ಸಿಳಿಯುವವರೆಗೆ ಯಾವುದೂ ಖಾತ್ರಿಯಿಲ್ಲ. ಸಾಗರದ ಶಾಲೆಯಿಂದ ಸಂಜೆ ಬಸ್ಸಿನಲ್ಲಿ ಬರುವ ಹುಡುಗರಿಗೆ ಅಡಿಕೆ ಚಪ್ಪರದ ಕೆಳಗೆ ಕೂತ ಚಿಕ್ಕಪ್ಪ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ:

"ಡಬ್ಬ ಬಂತನ ಮಾಣಿ?"

ಬಂತು ಎಂದರೆ ಅವತ್ತು ಕೊಟ್ಟಿಗೆ ಕೆಲಸ ಬೇಗ ಮುಗಿಯುತ್ತಿತ್ತು. ಸೂಡಿ ಹಿಡಿದು ಹೊರಡುವ ಸಾಲಿನಲ್ಲಿ ಅಡಿಕೆ ಸುಲಿಯುವವರು, ಮೇಷ್ಟ್ರು, ನಮ್ಮ ಅತ್ತೆ, ನಿದ್ದೆಗಣ್ಣಿನ ನಾವು. 'ಪಥೇರ್ ಪಾಂಚಾಲಿ'ಯನ್ನು ಮೊದಲ ಸಲ ನೋಡಿದ್ದು ಹಾಗೆಯೇ. ಬಂಗಾಳಿ ಯಾರಿಗೆ ಬರುತ್ತಿತ್ತು? ಸುರುವಾಗುವ ಮೊದಲು ಒಬ್ಬರು ಎದ್ದು ನಿಂತು ಕಥೆಯ ಎಳೆ ಹೇಳಿದ್ದರು, ಅಷ್ಟೆ. ಬೆನ್ನು ಬಾಗಿದ ಇಂದಿರ್ ಅಜ್ಜಿ ತೆರೆಯ ಮೇಲೆ ಬಂದದ್ದೇ ನಮ್ಮತ್ತೆ ಪಕ್ಕದವರಿಗೆ ಕೇಳುವ ಹಾಗೆ, "ಥೇಟ್ ನಮ್ಮನೆ ಅಜ್ಜಿ ಹಾಂಗೇ ಇದ್ದು" ಎಂದರು. ಆಮೇಲೆ ಯಾರಿಗೂ ಭಾಷೆಯ ನೆನಪಾಗಲಿಲ್ಲ.

ಈಗ ಡಬ್ಬ ಇಲ್ಲ. ಸಿನಿಮಾ ಉಪಗ್ರಹದಿಂದ ಇಳಿಯುತ್ತದೆ, ಹಾರ್ಡ್‌ಡಿಸ್ಕಿನಲ್ಲಿ ಬರುತ್ತದೆ, ಜೇಬಿನ ಫೋನಿನಲ್ಲೇ ಕೂತಿರುತ್ತದೆ. ಆದರೂ ಕೆಲವು ಸಿನಿಮಾಗಳು ನಾವಿದ್ದಲ್ಲಿಗೆ ಬರುವುದೇ ಇಲ್ಲ. ನಾವೇ ಅವು ಇದ್ದಲ್ಲಿಗೆ ಹೋಗಬೇಕು.

ರೈಲು ಬಿಟ್ಟ ಸ್ವಲ್ಪ ಹೊತ್ತಿಗೆ ಕತಾರಿನಲ್ಲಿ ಬ್ರೆಜಿಲ್ ಮತ್ತು ಕ್ರೊಯೇಷಿಯಾಗಳ ವಿಶ್ವಕಪ್ ಕ್ವಾರ್ಟರ್ ಫೈನಲ್ ಶುರುವಾಯಿತು. ನಮ್ಮ ಸ್ಲೀಪರ್ ಬೋಗಿಯಲ್ಲಿ ಊರಿಗೆ ಹೊರಟಿದ್ದ ಮಲಯಾಳಿ ಹುಡುಗರೇ ಹೆಚ್ಚು. ಒಂದು ಫೋನನ್ನು ಎದುರು ಬರ್ತಿನ ಸರಪಳಿಗೆ ಕರವಸ್ತ್ರದಿಂದ ಕಟ್ಟಿ ಹನ್ನೆರಡು ಮಂದಿ ಕತ್ತು ಚಾಚಿ ಕೂತರು. ಕುಪ್ಪಂ ದಾಟಿದ ಮೇಲೆ ನೆಟ್‌ವರ್ಕು ಬಂದರೂ ಬಂತು, ಹೋದರೂ ಹೋಯಿತು. ಚಿತ್ರ ನಿಂತಾಗಲೆಲ್ಲ "ಅಯ್ಯೋ" ಎಂಬ ಉದ್ಗಾರ. ಟಾಕೀಸಿನಲ್ಲಿ ರೀಲು ಕಡಿದಾಗ ಏಳುತ್ತಿದ್ದ ಉದ್ಗಾರವೇ ಅದು. ಸೀಟಿ ಒಂದು ಇರಲಿಲ್ಲ. ಹೆಚ್ಚುವರಿ ಸಮಯದಲ್ಲಿ ನೇಮಾರ್ ಗೋಲು ಹೊಡೆದಾಗ ಬೋಗಿಯೇ ಎದ್ದು ಕುಣಿಯಿತು. 117ನೇ ನಿಮಿಷಕ್ಕೆ ಕ್ರೊಯೇಷಿಯಾ ಸಮ ಮಾಡಿಕೊಂಡಿತು, ಪೆನಾಲ್ಟಿಯಲ್ಲಿ 4–2ರಿಂದ ಗೆದ್ದಿತು. ಬೋಗಿಯಲ್ಲಿ ಸಾವಿನ ಮನೆಯ ಮೌನ.

ದುಃಖ ಸ್ವಲ್ಪ ಇಳಿದ ಮೇಲೆ ಹಳದಿ ಅಂಗಿಯ ಒಬ್ಬ ನನ್ನ ಹಾಳೆಗಳತ್ತ ನೋಡಿದ. "ಚೇಟ್ಟಾ, ಫೆಸ್ಟಿವಲ್ಲಿಗಾ?" ಹೌದೆಂದೆ. ಕನ್ನಡದವನೆಂದು ಗೊತ್ತಾದದ್ದೇ ಅವನ ಮುಖ ಅರಳಿತು. "ಕಾಂತಾರ!" ಎಂದ. ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಬಂದ ಆ ಸಿನಿಮಾ ಅಕ್ಟೋಬರಿನಲ್ಲಿ ಮಲಯಾಳಕ್ಕೂ ಡಬ್ ಆಗಿತ್ತು. ಅವನು ಎರಡು ಸಲ ನೋಡಿದ್ದನಂತೆ. "ತೆಯ್ಯಂ ನಮ್ಮಲ್ಲೂ ಉಂಟು, ಆದರೆ ಆ ಕೂಗು…" ಎಂದು ಕೈಯ ರೋಮ ತೋರಿಸಿದ. ನಂತರದ ಪ್ರಶ್ನೆ, "ಎರಡನೇ ಭಾಗ ಯಾವಾಗ?" ನಾನೇ ನಿರ್ಮಾಪಕ ಎಂಬಂತೆ, "ಬರುತ್ತೆ, ಬರುತ್ತೆ" ಎಂದು ಭರವಸೆ ಕೊಟ್ಟೆ. ಬಂದದ್ದು ಮೂರು ವರ್ಷ ಕಳೆದು, 2025ರ ಅಕ್ಟೋಬರ್ 2ರಂದು. ಅದೂ ಮುಂದಿನ ಕಥೆಯಾಗಿ ಅಲ್ಲ, ಹಿಂದಿನ ಕಥೆಯಾಗಿ.

ಬೆಳಗಾದಾಗ ಪಾಲಕ್ಕಾಡಿನ ಕಡೆಯ ಗದ್ದೆಗಳು. ತೆಂಗಿನ ಮರಗಳ ನಡುವೆ, ಅಂಗಡಿಗಳ ಮೇಲೆ, ಕವಲು ದಾರಿಗಳಲ್ಲಿ ಕಟೌಟುಗಳು. ನಮ್ಮಲ್ಲಿ ಅಣ್ಣಾವ್ರಿಗೆ, ವಿಷ್ಣುವರ್ಧನರಿಗೆ ಕಟ್ಟುತ್ತಿದ್ದಷ್ಟೇ ಎತ್ತರದಲ್ಲಿ ಇಲ್ಲಿ ಮೆಸ್ಸಿ, ರೊನಾಲ್ಡೊ, ನೇಮಾರ್. ರಾತ್ರಿಯೇ ಸೋತವನ ಕಟೌಟು ಬೆಳಗಿನ ಬಿಸಿಲಿನಲ್ಲಿ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಹಳದಿ ಅಂಗಿಯ ಹುಡುಗ ತೃಶ್ಶೂರಿನಲ್ಲಿ ಇಳಿಯುವವರೆಗೂ ಅಂಥ ಒಂದರತ್ತಲೂ ತಲೆಯೆತ್ತಿ ನೋಡಲಿಲ್ಲ.

ತಿರುವನಂತಪುರ ತಲುಪಿದ್ದು ಮಧ್ಯಾಹ್ನ. ನಿಲ್ದಾಣದಿಂದ ಹೊರಬಂದರೆ ತಂಬಾನೂರು, ರಸ್ತೆ ದಾಟಿದರೆ ಇಂಡಿಯನ್ ಕಾಫಿ ಹೌಸ್. ಲಾರಿ ಬೇಕರ್ ಕಟ್ಟಿದ ಕೆಂಪು ಇಟ್ಟಿಗೆಯ ಗೋಪುರ ಅದು. ಒಳಗೆ ಮಹಡಿಗಳೆಂಬುದೇ ಇಲ್ಲ. ನೆಲವೇ ಸುರುಳಿಯಾಗಿ ಸುತ್ತುತ್ತ ಮೇಲೇರುತ್ತದೆ, ಗೋಡೆಗೆ ಅಂಟಿಕೊಂಡಂತೆ ಕಲ್ಲುಬೆಂಚಿನ ಸಾಲು. ಬಿಳಿ ಪೇಟದ ಮಾಣಿಗಳು ತಟ್ಟೆ ಹೊತ್ತು ಆ ಏರಿನಲ್ಲಿ ಹತ್ತಿ ಇಳಿಯುತ್ತಿರುತ್ತಾರೆ. ಬೀಟ್‌ರೂಟ್ ಹಾಕಿದ ಕೆಂಪು ಕಟ್ಲೆಟ್ ತಿನ್ನುತ್ತ ಕೂತಾಗ ನನಗೆ ಡಬ್ಬದೊಳಗಿನ ರೀಲು ನೆನಪಾಯಿತು. ಒಂದೊಂದು ಸುತ್ತಿನಲ್ಲೂ ಕತ್ತಿಗೆ ಉತ್ಸವದ ಪಾಸು ನೇತುಹಾಕಿಕೊಂಡ ಜನ. ಒಂದೊಂದು ಮೇಜಿನಲ್ಲೂ ಹರವಿದ ವೇಳಾಪಟ್ಟಿ. ಪಕ್ಕದ ಹಿರಿಯರೊಬ್ಬರು ನನ್ನ ಹಾಳೆಯನ್ನು ಓರೆಗಣ್ಣಿನಲ್ಲಿ ನೋಡಿ, ನಾನು ನೀಲಿ ಹಾಕಿದ್ದ ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಇದನ್ನು ಕೆಂಪು ಮಾಡಿ" ಎಂದರು. ಬೊಲಿವಿಯಾದ 'ಉತಾಮಾ' ಅದು. ಮಳೆ ಕೈಕೊಟ್ಟ ಬೆಟ್ಟದ ಮೇಲೆ ಲಾಮಾ ಸಾಕುವ ಮುದುಕ ಮುದುಕಿಯ ಕಥೆ. ಉತ್ಸವದ ಕೊನೆಗೆ ಸುವರ್ಣ ಚಕೋರ ಅದಕ್ಕೇ ಬಂತು.

1996ರಲ್ಲಿ ಆರಂಭವಾದ ಈ ಉತ್ಸವಕ್ಕೆ ಅದು 27ನೇ ವರ್ಷ. ದೊಡ್ಡ ಚಿತ್ರೋತ್ಸವವೆಂದರೆ ಕೆಂಪು ಹಾಸು, ಸೂಟು ಬೂಟು ಎಂದುಕೊಂಡವರು ಇಲ್ಲಿನ ಕೈರಳಿ, ಶ್ರೀ, ನಿಳಾ ಚಿತ್ರಮಂದಿರಗಳ ಮೆಟ್ಟಿಲನ್ನು ನೋಡಬೇಕು. ಬಸ್ ನಿಲ್ದಾಣಕ್ಕೆ ಹತ್ತಿರದ ಆ ಮೆಟ್ಟಿಲುಗಳ ಮೇಲೆ ಕಾಲೇಜು ಹುಡುಗ ಹುಡುಗಿಯರು, ಮುಂಡು ಉಟ್ಟ ನಿವೃತ್ತ ಮೇಷ್ಟ್ರುಗಳು, ಒಬ್ಬ ಆಟೋ ಚಾಲಕ, ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡ ತಾಯಿ. ಅಲ್ಲಿ ಯಾರೂ "ಹೀರೋ ಯಾರು?" ಎಂದು ಕೇಳುವುದಿಲ್ಲ. "ಯಾವ ದೇಶ? ಯಾರದ್ದು?" ಎಂದು ಕೇಳುತ್ತಾರೆ. ತೆರೆಯ ಮೇಲೆ ಉತ್ಸವದ ಲಾಂಛನವಾದ ಲಂಕಾಲಕ್ಷ್ಮಿ, ನಮ್ಮ ತೊಗಲುಗೊಂಬೆಯ ಅಕ್ಕನಂತಿರುವ ತೋಲ್ಪಾವಕೂತ್ತಿನ ಬೊಂಬೆ, ಬಂದರೆ ಸಾಕು, ಚಪ್ಪಾಳೆ ಬೀಳುತ್ತದೆ.

ಸೋಮವಾರ ಇಡೀ ಊರಿಗೆ ಒಂದೇ ಜ್ವರ. ಟಾಗೋರ್ ಥಿಯೇಟರಿನಲ್ಲಿ ಲಿಜೊ ಜೋಸ್ ಪೆಲ್ಲಿಶ್ಶೇರಿಯವರ 'ನನ್‌ಪಗಲ್ ನೇರತ್ತು ಮಯಕ್ಕಂ' ಚಿತ್ರದ ಮೊತ್ತಮೊದಲ ಪ್ರದರ್ಶನ. ಮಮ್ಮೂಟ್ಟಿ ನಾಯಕ. ಕೆಂಪು ಶಾಯಿಯಲ್ಲಿ ಎರಡು ಸುತ್ತು ಹಾಕಿಟ್ಟುಕೊಂಡಿದ್ದೆ. ಆದರೆ ಹಿಂದಿನ ರಾತ್ರಿಯ ನಿದ್ದೆಗೆಟ್ಟ ಕಣ್ಣು, ಊಟದ ಮೇಲೆ ಲಾಡ್ಜಿನಲ್ಲಿ ಹತ್ತು ನಿಮಿಷ ಮಲಗಿದವನು ಎದ್ದದ್ದು ಒಂದೂವರೆ ಗಂಟೆ ಬಿಟ್ಟು. ಆಟೋ ಹಿಡಿದು ಹೋಗುವಷ್ಟರಲ್ಲಿ ಸಾಲು ಅಂಗಳ ತುಂಬಿ, ಮರಗಳ ಬುಡ ಸುತ್ತಿ, ಎಲ್ಲಿ ಮುಗಿಯುತ್ತದೆಂದು ಕಾಣದಷ್ಟು ಬೆಳೆದಿತ್ತು. ಬಾಗಿಲು ಮುಚ್ಚಿದಾಗ ನನ್ನ ಮುಂದೆ ಇನ್ನೂ ನೂರಾರು ತಲೆ. ಕೂಗಾಟವೂ ನಡೆಯಿತು. ತಮಾಷೆ ನೋಡಿ, ಆ ಸಿನಿಮಾದ ಕಥೆಯೂ ಮಧ್ಯಾಹ್ನದ ನಿದ್ದೆಯದೇ. ವೇಲಾಂಕಣ್ಣಿಯಿಂದ ಬಸ್ಸಿನಲ್ಲಿ ಮರಳುವ ಮಲಯಾಳಿಯೊಬ್ಬ ನಿದ್ದೆಯಿಂದೆದ್ದು ತಮಿಳು ಹಳ್ಳಿಗೆ ನಡೆದು, ಅಲ್ಲಿಯ ಸುಂದರಂ ತಾನೆಂದುಕೊಂಡು ಬದುಕತೊಡಗುತ್ತಾನೆ. ಅವನು ಎದ್ದು ಬೇರೆಯವನಾದ, ನಾನು ಎದ್ದು ಪೆಚ್ಚನಾದೆ.

ಒಳಗೆ ಹೋಗಲಾಗದ ನಾಲ್ಕೈದು ಹುಡುಗರು ಮರದ ಕೆಳಗೆ ಕೂತು ಚಹಾ ಕುಡಿಯುತ್ತಿದ್ದರು. ನಾನೂ ಸೇರಿಕೊಂಡೆ. ಒಳಗಿನವರು ಹೊರಬರುವವರೆಗೂ ಅವರು ಜಾಗ ಬಿಟ್ಟು ಕದಲಲಿಲ್ಲ. "ಮುಂದಿನ ತಿಂಗಳು ಟಾಕೀಸಿಗೇ ಬರುತ್ತಲ್ಲ, ಈಗ್ಯಾಕೆ ಇಷ್ಟು ಪಾಡು?" ಎಂದು ಕೇಳಿದೆ. ಪತ್ರಿಕೋದ್ಯಮ ಓದುತ್ತಿದ್ದ ಹುಡುಗಿ ನಕ್ಕಳು. "ಸರ್, ಟಾಕೀಸಿನಲ್ಲೂ ನೋಡ್ತೇವೆ. ಇದು ನೋಡುವುದಕ್ಕಲ್ಲ, ನೋಡಿ ಬಂದವರ ಮುಖ ನೋಡುವುದಕ್ಕೆ" ಎಂದಳು. ಬಾಗಿಲು ತೆರೆದಾಗ ಅವಳ ಮಾತು ಅರ್ಥವಾಯಿತು. ಹೊರಬಂದವರಲ್ಲಿ ಅರ್ಧ ಜನ ಮಾತಾಡುತ್ತಿರಲಿಲ್ಲ. ಆ ವರ್ಷದ ಪ್ರೇಕ್ಷಕರ ಮತ ಆ ಚಿತ್ರಕ್ಕೇ ಬಿತ್ತು. ಜನವರಿ 19ಕ್ಕೆ ಅದು ಬಿಡುಗಡೆಯಾದಾಗ ನಾನು ಬೆಂಗಳೂರಿನಲ್ಲಿ ಎಚ್ಚರವಾಗಿಯೇ ನೋಡಿದೆ.

ಇನ್ನೊಂದು ಸಂಜೆಯ ಸಾಲು ನನ್ನ ಮಟ್ಟಿಗೆ ಅದಕ್ಕಿಂತ ವಿಚಿತ್ರ. ಆ ವರ್ಷದ ಜೀವಮಾನ ಸಾಧನೆಯ ಗೌರವ ಹಂಗೇರಿಯ ಬೇಲಾ ಟಾರ್ ಅವರಿಗೆ. 2011ರ 'ದಿ ಟ್ಯುರಿನ್ ಹಾರ್ಸ್' ತನ್ನ ಕೊನೆಯ ಚಿತ್ರ ಎಂದು ಸಾರಿ ಬಾಗಿಲು ಹಾಕಿಕೊಂಡ ನಿರ್ದೇಶಕ. ಅಭಿಮಾನಿಗಳಿಗೆ ಸಾಮಾನ್ಯವಾಗಿ 'ಮುಂದಿನದು' ಎಂಬುದೊಂದು ಇರುತ್ತದೆ: ಮುಂದಿನ ಟೀಸರು, ಮುಂದಿನ ಹಾಡು, ಮುಂದಿನ ಶುಕ್ರವಾರ. ಇಲ್ಲಿ ಮುಂದೆ ಏನೂ ಇಲ್ಲ. ಆದರೂ ಇಪ್ಪತ್ತರ ಹರೆಯದವರು ಆ ಕಪ್ಪುಬಿಳುಪು ಚಿತ್ರಕ್ಕೆ ಮೊದಲ ದಿನದ ಮೊದಲ ಆಟದ ಉಮೇದಿನಲ್ಲಿ ನಿಂತಿದ್ದರು. ಸುಮಾರು ಎರಡೂವರೆ ಗಂಟೆಯ ಸಿನಿಮಾದಲ್ಲಿ ಇರುವುದು ಮೂವತ್ತು ಶಾಟು. ಒಬ್ಬ ಅಪ್ಪ, ಒಬ್ಬ ಮಗಳು, ಹೊರಡಲೊಲ್ಲದ ಕುದುರೆ, ನಿಲ್ಲದ ಗಾಳಿ. ಅಪ್ಪ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಒಂದೇ ಕೈಯಲ್ಲಿ ಸುಲಿದು, ಬಿಸಿಗೆ ಊದುತ್ತ, ಉಪ್ಪು ಹಚ್ಚಿ ತಿನ್ನುತ್ತಾನೆ. ಮಾರನೆಯ ದಿನವೂ ಅದೇ, ಕ್ಯಾಮೆರಾ ನಿಂತ ಜಾಗ ಮಾತ್ರ ಬೇರೆ. ಸೀಟು ಸಿಗದೆ ನನ್ನ ಕಾಲ ಬಳಿ ಪೇಪರು ಹಾಸಿ ಕೂತ ಹುಡುಗ ಮೂರನೇ ಆಲೂಗಡ್ಡೆಯ ಹೊತ್ತಿಗೆ ತಾನೇ ಬೆರಳು ಊದಿಕೊಳ್ಳುತ್ತಿದ್ದ. ನಮ್ಮತ್ತೆ ಬಂಗಾಳದ ಅಜ್ಜಿಯನ್ನು ಕಂಡುಕೊಂಡದ್ದೂ ಹೀಗೆಯೇ ಅಲ್ಲವೇ?

ಹೆಗ್ಗೋಡಿಗೂ ಈ ಊರಿಗೂ ಒಂದು ದಾರಿ ಇದ್ದದ್ದು ನನಗೆ ಹೊಳೆದದ್ದು ಅವತ್ತು ರಾತ್ರಿ. ನಮ್ಮ ಡಬ್ಬಗಳನ್ನು ಪುಣೆಯಿಂದ ಕಳಿಸುತ್ತಿದ್ದ, 1964ರಲ್ಲಿ ಆರಂಭವಾದ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಹುಟ್ಟಿ ಬೆಳೆದದ್ದು ಇದೇ ತಿರುವನಂತಪುರದಲ್ಲಿ. ಚಿಕ್ಕಂದಿನಲ್ಲಿ ಮರಳ ಮೇಲೆ ಕೂತು ಸಿನಿಮಾ ನೋಡಿದವರು, ಹರಿದ ಟಿಕೆಟ್ಟುಗಳನ್ನು ಜೋಪಾನ ಮಾಡಿದವರು. ದೊಡ್ಡವರಾದ ಮೇಲೆ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ', 'ಕಾಳಿಯ ಮರ್ದನ'ಗಳ ಅಳಿದುಳಿದ ರೀಲುಗಳನ್ನು ಉಳಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಮತ್ತು ನಾಯರ್ ಹೆಗ್ಗೋಡಿಗೆ ಬಂದು ರೈತರಿಗೆ, ಮೇಷ್ಟ್ರುಗಳಿಗೆ ಸಿನಿಮಾ ನೋಡುವ ಬಗೆಯನ್ನು ಕಲಿಸಿದರು. ನಾಯರ್ ಬಗ್ಗೆ ಶಿವೇಂದ್ರ ಸಿಂಗ್ ಡುಂಗರಪುರ್ ಮಾಡಿದ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರದಲ್ಲಿ ನಮ್ಮ ಕಡೆಯ ರೈತರು ಕುಳಿತು ಹಳೆಯ ವಿದೇಶಿ ಸಿನಿಮಾಗಳನ್ನು ನೆನೆಯುವ ದೃಶ್ಯವಿದೆ. ಜೀಪಿನ ಹಿಂದೆ ಓಡಿ ಚೀಟಿ ಆರಿಸುತ್ತಿದ್ದ ನಾನು, ಇಲ್ಲಿಯ ಮರಳಿನಲ್ಲಿ ಟಿಕೆಟ್ಟಿನ ಚೂರು ಆರಿಸುತ್ತಿದ್ದ ಹುಡುಗ ಮುಂದೆ ಕಳಿಸಿದ ಡಬ್ಬಕ್ಕೆ ಕಾದಿದ್ದೆ ಎಂದಾಯಿತು.

ಕೇರಳದವರ ಈ ಹುಚ್ಚು ಒಂದೇ ದಿನದಲ್ಲಿ ಹತ್ತಿದ್ದಲ್ಲ. 1965ರಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು ಇದೇ ಊರಿನಲ್ಲಿ ಚಿತ್ರಲೇಖಾ ಫಿಲ್ಮ್ ಸೊಸೈಟಿ ಕಟ್ಟಿದರು. ಎಂಬತ್ತರ ದಶಕದಲ್ಲಿ ಜಾನ್ ಅಬ್ರಹಾಂ ಮತ್ತು ಸಂಗಡಿಗರು ಊರೂರು ಸುತ್ತಿ ಜನರಿಂದ ಚಿಲ್ಲರೆ ಎತ್ತಿ 'ಅಮ್ಮ ಅರಿಯಾನ್' ಮಾಡಿದರು. ನಮ್ಮಲ್ಲೂ ಇದೆಲ್ಲ ಇರಲಿಲ್ಲವೆಂದಲ್ಲ. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ 1971ರದು. ಪೂರ್ಣಚಂದ್ರ ತೇಜಸ್ವಿಯವರ ಕಥೆ ಆಧರಿಸಿದ 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೆ ದುಡ್ಡು ಹಾಕಿದವರು ತೇಜಸ್ವಿಯವರ ನೂರು ಮಂದಿ ಓದುಗರು. 2023ರ ಮೇ ತಿಂಗಳಲ್ಲಿ ಅದು ಬಂದಾಗ ನಾನು ಮೂರು ಸಲ ನೋಡಿದೆ, ಮೂರನೇ ಸಲ ಅಪ್ಪಯ್ಯನನ್ನು ಕರೆದುಕೊಂಡು. ಹಾಗಾಗಿ ನಮಗೆ ಸಿನಿಮಾ ಪ್ರೀತಿ ಕಡಿಮೆ ಎಂದು ನಾನು ಒಪ್ಪಲಾರೆ. ನಡುರಾತ್ರಿಯ ಆಟಕ್ಕೆ ನಿಂತು, ಕಟೌಟಿಗೆ ಹಾಲೆರೆದು, ಸ್ಟಾರ್ ಕಟ್ಟಿ ಕಾಯುವ ಹುಡುಗರ ಕಾಯುವಿಕೆಯೂ ಕಾಯುವಿಕೆಯೇ. ಕೊರತೆ ಇರುವುದು ಬೇರೆ ಕಡೆ. ನಾವು ನಟನಿಗೆ ಕಾಯುವುದನ್ನು ಕಲಿತಷ್ಟು ಸಿನಿಮಾಕ್ಕೆ ಕಾಯುವುದನ್ನು ಕಲಿಯಲಿಲ್ಲ.

ಇದು ಬುದ್ಧಿವಾದವಲ್ಲ, ನನ್ನದೇ ತಪ್ಪೊಪ್ಪಿಗೆ. ಆ ವರ್ಷದ ಅಕ್ಟೋಬರಿನಲ್ಲಿ ಜೈಶಂಕರ್ ಆರ್ಯರ್ ಅವರ 'ಶಿವಮ್ಮ' ಬುಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದ ಸುದ್ದಿ ಓದಿ ದಿನಚರಿಯಲ್ಲಿ ಕೆಂಪು ಗುರುತು ಹಾಕಿದ್ದೆ. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಹೆಂಗಸಿನ ಕಥೆ ಕೊರಿಯಾದಲ್ಲಿ ಗೆದ್ದು, ನಮ್ಮ ಚಿತ್ರಮಂದಿರಕ್ಕೆ ಬರಲು 2024ರ ಜೂನ್ 14 ಆಗಬೇಕಾಯಿತು. ಇಪ್ಪತ್ತು ತಿಂಗಳು ಕಾದು ನೋಡಿದೆ. ಆದರೆ ಅದೇ ಅವಧಿಯಲ್ಲಿ ನಾಲ್ಕಾರು ಸಣ್ಣ ಕನ್ನಡ ಚಿತ್ರಗಳು ನನ್ನ ಮನೆಯಿಂದ ಎರಡು ಕಿಲೋಮೀಟರ್ ದೂರದ ಮಲ್ಟಿಪ್ಲೆಕ್ಸಿಗೆ ಬಂದು ಹೋದವು. ಈ ವಾರ ಕೆಲಸ, ಮುಂದಿನ ವಾರ ನೋಡೋಣ, ಹೇಗೂ ಫೋನಿನಲ್ಲಿ ಬರುತ್ತದೆ ಎಂದುಕೊಂಡೆ. ಮುಂದಿನ ವಾರ ಅವು ಅಲ್ಲಿರಲಿಲ್ಲ. ಕೆಲವು ಫೋನಿಗೂ ಬರಲಿಲ್ಲ. ಎಂಟುನೂರು ಕಿಲೋಮೀಟರ್ ಹೋದವನಿಗೆ ಎರಡು ಕಿಲೋಮೀಟರ್ ದೂರವಾಯಿತು.

ಕಾದರೆ ಹಳೆಯದೂ ಹೊಸದಾಗಿ ಬರುತ್ತದೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ತೊಳೆದು, ತಿದ್ದಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಕೆಲಸದಲ್ಲಿ ಕೈಜೋಡಿಸಿದ್ದು ಅದೇ ಡುಂಗರಪುರ್ ಕಟ್ಟಿದ ಫಿಲ್ಮ್ ಹೆರಿಟೇಜ್ ಫೌಂಡೇಶನ್. ಈ ಸುದ್ದಿಯನ್ನು ಊರಿಗೆ ಹೋದಾಗ ಚಿಕ್ಕಪ್ಪನಿಗೆ ಹೇಳಿದೆ. ಈಗ ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಎರಡು ಸಲ ಕೂಗಿ ಹೇಳಿದ ಮೇಲೆ ಅವರು ಕೇಳಿದ್ದು ಅದೇ ಪ್ರಶ್ನೆ: "ಹಂಗಾರೆ ಡಬ್ಬ ಇಲ್ಲಿಗೆ ಯಾವಾಗ ಬತ್ತು?"

ಉತ್ತರ ನನ್ನ ಬಳಿ ಇರಲಿಲ್ಲ. ಓದುಗರಲ್ಲಿ ಒಂದು ಮಾತು ಮಾತ್ರ ಕೇಳಿಕೊಳ್ಳಬಲ್ಲೆ. ಹೆಸರೇ ಕೇಳದ ಕನ್ನಡ ಸಿನಿಮಾವೊಂದು ನಿಮ್ಮೂರಿನ ತೆರೆಗೆ ಬಂದರೆ ವಿಮರ್ಶೆಗೆ ಕಾಯಬೇಡಿ, ಮುಂದಿನ ವಾರಕ್ಕೆ ಕಾಯಬೇಡಿ, ಶುಕ್ರವಾರವೇ ಹೋಗಿ. 'ಬಂಗಾರದ ಮನುಷ್ಯ'ನಿಗೆ ಎರಡು ವರ್ಷವಿತ್ತು. ಇದಕ್ಕಿರುವುದು ಸೋಮವಾರದವರೆಗೆ.